ಅತ್ತೆಯ ಸಂಬಳ ವಸೂಲಿ

ನಮ್ಮ ಅತ್ತೆ ಒಮ್ಮೆ ದೇವರನ್ನೇ ಕದ್ದು ಊಟದ ಕ್ಯಾರಿಯರಿನಲ್ಲಿ ತುಂಬಿಕೊಂಡು ಮನೆಗೆ ತಂದರು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ಅವರೂ ಒಪ್ಪಿದವರಲ್ಲ. "ಕದ್ದಿದ್ದಲ್ಲ ಕಣೇ, ಎತ್ತಿಟ್ಕೊಂಡಿದ್ದು" ಎಂದು ಕೊನೆಯವರೆಗೂ ವಾದಿಸಿದರು. ಅತ್ತೆ ಎಂದ ಕೂಡಲೇ ಗಂಡನ ತಾಯಿ ಇರಬೇಕು ಎಂದುಕೊಂಡು ಯಾರೂ ಖುಷಿಪಡುವುದು ಬೇಡ! ಇವರು ಅಪ್ಪನ ಅಕ್ಕ. ಮದುವೆಯಾದ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು, ಒಂದು ಟ್ರಂಕು ಹಿಡಿದು, ಆರ್‌ಪಿಸಿ ಲೇಔಟಿನ ನಮ್ಮ ಎರಡು ಕೋಣೆಯ ಬಾಡಿಗೆ ಮನೆಗೆ ಬಂದವರು. ಅವರು ತೀರಿಕೊಂಡು ಈಗ ಆರು ವರ್ಷ. ಆದರೂ ಯಾರಾದರೂ ಪೇಪರನ್ನು ತಲೆಕೆಳಗೆ ಹಿಡಿದದ್ದು ಕಂಡರೆ ನನಗೆ ಅವರೇ ಎದುರಿಗೆ ಬಂದಂತಾಗುತ್ತದೆ.

ಏಕೆಂದರೆ ಅತ್ತೆ ತಲೆಕೆಳಗಾಗಿಯೇ ಓದುತ್ತಿದ್ದರು. ಅದು ಅವರ ಹುದ್ದೆ. ರಾಜಾಜಿನಗರದ ಒಂದು ಗಲ್ಲಿಯ ಪ್ರೆಸ್ಸಿನಲ್ಲಿ ಅವರು ಕಂಪೋಸಿಟರ್. ಕಂಪ್ಯೂಟರ್ ಬರುವ ಮೊದಲು ಅಕ್ಷರಗಳೆಂದರೆ ಸೀಸದ ಪುಟ್ಟ ಮೊಳೆಗಳು. ಒಂದೊಂದನ್ನೇ ಗೂಡಿನಿಂದ ಎತ್ತಿ, ಸಾಲಾಗಿ ಜೋಡಿಸಿ, ಕಬ್ಬಿಣದ ಚೌಕಟ್ಟಿನಲ್ಲಿ ಬಿಗಿದು, ಮಸಿ ಹಚ್ಚಿ ಒತ್ತಿದರೆ ಒಂದು ಪುಟ. ಜೋಡಿಸುವವರಿಗೆ ಅಕ್ಷರ ಕಾಣುವುದೆಲ್ಲ ಉಲ್ಟಾ. ಇಪ್ಪತ್ತೆರಡು ವರ್ಷ ಹಾಗೆ ಓದಿದ ಮೇಲೆ ನೆಟ್ಟಗಿರುವ ಕಾಗದವೇ ಅವರಿಗೆ ಸ್ವಲ್ಪ ಸೊಟ್ಟಗೆ ಕಾಣುತ್ತಿತ್ತೇನೋ! ಒಮ್ಮೆ ರೇಷನ್ ಕಾರ್ಡಿಗೆಂದು ಹೋದಾಗ ಮೇಜಿನ ಆಚೆ ಕೂತ ಗುಮಾಸ್ತರು ಏನೋ ಬರೆದುಕೊಳ್ಳುತ್ತಿದ್ದರು. ಈಚೆಯಿಂದ ಅತ್ತೆ ಶಾಂತವಾಗಿ ಹೇಳಿದರು.

"ಸಾರ್, ಮೂರನೇ ಸಾಲಲ್ಲಿ ನನಗೆ ಹತ್ತು ವರ್ಷ ಜಾಸ್ತಿ ಹಾಕಿದೀರ. ಐದನೇ ಸಾಲಲ್ಲಿ ಬರೆದಿರೋ ಸೀಮೆಎಣ್ಣೆ ನನಗೆ ಬಂದೇ ಇಲ್ಲ."

ಗುಮಾಸ್ತರು ಅಂಗೈಯಿಂದ ಪುಟ ಮುಚ್ಚಿಕೊಂಡರು. ಆಮೇಲೆ ಅತ್ತೆ ಹೋದಾಗಲೆಲ್ಲ ಆ ಕೌಂಟರಿನಲ್ಲಿ ಎಲ್ಲರೂ ಒಂದೇ ಕೈಯಲ್ಲಿ ಕೆಲಸ ಮಾಡುತ್ತಿದ್ದರಂತೆ.

ಪ್ರೆಸ್ಸಿನ ಮಾಲೀಕರನ್ನು ಅತ್ತೆ ಸಾಹುಕಾರ್ರು ಎನ್ನುತ್ತಿದ್ದರು. ಬೆಂಗಳೂರಿನಲ್ಲಿ ಅವರನ್ನು ಹಾಗೆ ಕರೆಯುತ್ತಿದ್ದ ಏಕೈಕ ವ್ಯಕ್ತಿ ನಮ್ಮತ್ತೆ. ಸಾಹುಕಾರರು ಕಡ್ಡಿಯಂತಹ ಮನುಷ್ಯ. ಆಸ್ತಮಾ ಬೇರೆ. ಜೇಬಿನ ಬಳಿ ಮಸಿಯ ಕಲೆಯಿಲ್ಲದ ಅಂಗಿ ಅವರ ಹತ್ತಿರ ಇರಲಿಲ್ಲ. ಎರಡು ಸಾವಿರದ ಇಸವಿಯ ನಂತರ ಪಕ್ಕದ ರಸ್ತೆಯಲ್ಲೇ ಕಂಪ್ಯೂಟರಿನವರು ಬಂದು, ಹೊಳೆಯುವ ಕಾರ್ಡು, ಬಂಗಾರದ ಗಣಪತಿ ಎಂದು ಗಿರಾಕಿಗಳನ್ನೆಲ್ಲ ಎಳೆದುಕೊಂಡರು. ಸಾಹುಕಾರರಿಗೆ ಉಳಿದದ್ದು ಕಾಲಲ್ಲಿ ತುಳಿದು ಅಚ್ಚು ಹಾಕುವ ಒಂದು ಟ್ರೆಡಲ್ ಮಷೀನು, ಒಂದಿಷ್ಟು ಬಿಲ್ ಬುಕ್ಕು, ಕೆಲವು ಹಳೇ ಗಿರಾಕಿಗಳ ಮದುವೆ ಪತ್ರಿಕೆ, ಮತ್ತು ನಮ್ಮತ್ತೆ.

ಸಂಬಳ ಮೊದಲು ಅರ್ಧವಾಯಿತು. ಆಮೇಲೆ "ಮುಂದಿನ್ ವಾರ ಅಮ್ಮ" ಎಂದಾಯಿತು. ಒಂದನೇ ತಾರೀಖು ಹತ್ತಿರ ಬಂದರೆ ಸಾಹುಕಾರರಿಗೆ ಆಸ್ತಮಾ ಏರುತ್ತಿತ್ತು. ಅತ್ತೆಗೆ ಅದು ನಾಟಕವೋ ನಿಜವೋ ಎಂದು ತೀರ್ಮಾನಿಸಲು ಆಗುತ್ತಿರಲಿಲ್ಲ. ಯಾವುದಕ್ಕೂ ಇರಲಿ ಎಂದು ಶುಂಠಿ ಕಷಾಯ ಮಾಡಿ ಫ್ಲಾಸ್ಕಿನಲ್ಲಿ ಒಯ್ಯುತ್ತಿದ್ದರು. ಸಂಬಳ ಕೇಳಲು ಹೋದವರು ಕಷಾಯ ಕುಡಿಸಿ ವಾಪಸಾಗುವುದು! ಲೋಕದಲ್ಲಿ ಬೇರೆ ಎಲ್ಲಾದರೂ ಉಂಟೇ? ಹೀಗೆ ಹನ್ನೊಂದು ತಿಂಗಳು.

"ಬಿಟ್ಟು ಬೇರೆ ಕಡೆ ನೋಡ್ಕೋಬಾರ್ದಾ ಅಕ್ಕ?" ಎಂದರು ಅಪ್ಪ.

"ನಾನ್ ಬಿಟ್ರೆ ಅವ್ರು ಬಾಗಿಲು ಮುಚ್ತಾರೆ. ಮುಚ್ಚಿದ್ಮೇಲೆ ಯಾವ ಬಾಗಿಲಿಗ್ ಹೋಗಿ ಕೇಳ್ಲಿ?"

ಬಾಕಿ ಕೊಡಬೇಕಾದವರನ್ನು ಉಳಿಸಿಕೊಳ್ಳಲು ಅತ್ತೆ ಬಿಟ್ಟಿ ದುಡಿಯುತ್ತಿದ್ದರು. ನಾನು ಆಗ ಬಿ.ಕಾಂ. ಕೊನೆಯ ವರ್ಷ. ನನಗೆ ಗೊತ್ತಿಲ್ಲದ ಕಾನೂನೇ ಇಲ್ಲ ಎಂದುಕೊಂಡಿದ್ದ ಕಾಲ. "ಲೇಬರ್ ಆಫೀಸಿಗೆ ಕಂಪ್ಲೇಂಟ್ ಕೊಡೋಣ ಅತ್ತೆ" ಎಂದೆ. ಅತ್ತೆ ನನ್ನನ್ನು ತಪ್ಪು ಮೊಳೆಯನ್ನು ನೋಡುವಂತೆ ನೋಡಿದರು.

"ಮರ್ಯಾದೆ ಹೋದ್ರೆ ಆ ಮನುಷ್ಯ ಊರು ಬಿಡ್ತಾನೆ ಕಣೇ. ನನ್ ದುಡ್ಡೂ ಅವ್ನ ಜೊತೆ ಬಸ್ ಹತ್ತತ್ತೆ."

ಅಷ್ಟಕ್ಕೂ ಅವರಿಗೆ ಆ ದುಡ್ಡು ಯಾಕೆ ಬೇಕಿತ್ತು? ನಮ್ಮ ಮನೆಯಲ್ಲಿ ಊಟಕ್ಕೆ ಬಟ್ಟೆಗೆ ಕೊರತೆಯಿರಲಿಲ್ಲ. ಅಮ್ಮ ಒಂದು ದಿನವೂ ಒಂದು ಕೆಟ್ಟ ಮಾತು ಆಡಿದವರಲ್ಲ. ಆದರೆ ಅತ್ತೆ ಮಲಗುತ್ತಿದ್ದುದು ಹಾಲಿನಲ್ಲಿ, ಬೀರು ಮತ್ತು ಹೊಲಿಗೆ ಮಷೀನಿನ ನಡುವೆ. ನೆಂಟರು ಬಂದರೆ ಚಾಪೆ ಸುತ್ತಿಕೊಂಡು ಅಡುಗೆಮನೆಗೆ ಹೋಗುತ್ತಿದ್ದರು. ಕಾಲಿಂಗ್ ಬೆಲ್ ಸದ್ದಾದರೆ ಮೊದಲು ಎದ್ದು ನಿಲ್ಲುತ್ತಿದ್ದವರು ಅವರೇ, ಬಾಗಿಲು ತೆಗೆಯಲಿಕ್ಕಲ್ಲ, ಜಾಗ ಬಿಡಲಿಕ್ಕೆ. ಅಂಥವರು ಒಂದು ದಿನ ಯಾರದೋ ಗೃಹಪ್ರವೇಶದ ಪತ್ರಿಕೆ ತಲುಪಿಸಲು ಉಲ್ಲಾಳಕ್ಕೆ ಹೋಗಿ, ಅಲ್ಲೊಂದು ಮನೆ ನೋಡಿಬಿಟ್ಟರು. ಒಂದೇ ಕೋಣೆ. ಒಳಗೇ ನಲ್ಲಿ. ಪೂರ್ವಕ್ಕೊಂದು ಕಿಟಕಿ. ಅಡ್ವಾನ್ಸ್ ಹತ್ತು ತಿಂಗಳ ಬಾಡಿಗೆ.

ಆಗಿನ್ನೂ ಅರ್ಧ ಸಂಬಳದ ದಿನಗಳು, ಅಡ್ವಾನ್ಸಿಗೆ ದುಡ್ಡಿರಲಿಲ್ಲ. ಮನೆಗೆ ಯೂನಿವರ್ಸಿಟಿಯ ಹುಡುಗರಿಬ್ಬರು ಬಾಡಿಗೆಗೆ ಬಂದರು. ಬೇರೆ ಯಾರಾದರೂ ಆಗಿದ್ದರೆ ಇನ್ನೊಂದು ಮನೆ ಹುಡುಕುತ್ತಿದ್ದರು. ಅತ್ತೆ ಮಾತ್ರ ಪ್ರತಿ ಭಾನುವಾರ ಬಸ್ಸು ಹಿಡಿದು ಉಲ್ಲಾಳಕ್ಕೆ ಹೋಗಿ, ಆ ಮನೆಯೆದುರಿನ ಹೊಂಗೆ ಮರದ ಕೆಳಗೆ ನಿಂತು, ಕಿಟಕಿ ನೋಡಿಕೊಂಡು ಬರತೊಡಗಿದರು! ಎಷ್ಟೋ ಸಲ ನಾನೂ ಜೊತೆಗೆ ಹೋಗಿದ್ದೇನೆ. ಬೇರೆ ಮನೆಯ ಹುಡುಗಿಯರು ಸಿನಿಮಾ ನೋಡಲು ಹೋಗುತ್ತಿದ್ದರು, ನಾನು ಗೋಡೆ ನೋಡಲು.

"ಆ ಹುಡುಗ್ರು ಕಿಟಕಿ ಸರಳಿಗೆ ಟವೆಲ್ ಒಣಗ್ಹಾಕಿದಾರೆ ನೋಡೇ. ಬಿಸಿಲೆಲ್ಲ ದಂಡ."

"ಅವ್ರ ಮನೆ, ಅವ್ರ ಟವೆಲ್ ಅತ್ತೆ."

"ಅಲ್ಲಿ ತುಳಸಿ ಇಡ್ಬೇಕು. ಈ ಪಕ್ಕ ಸ್ಟವ್. ಅಲ್ಲೊಂದು ಸ್ಟೂಲು."

"ಸ್ಟೂಲು ಯಾಕೆ?"

"ಬಂದವ್ರಿಗೆ."

ಯಾರು ಬರುತ್ತಾರೆ ಎಂದು ನಾನು ಕೇಳಲಿಲ್ಲ. ಕೇಳುವಷ್ಟು ಬುದ್ಧಿಯಿರಲಿಲ್ಲವೋ, ಕೇಳದಿರುವಷ್ಟು ಇತ್ತೋ, ಈಗ ಹೇಳಲಾರೆ.

ಒಂದೂವರೆ ವರ್ಷ ಹೀಗೇ ಕಳೆದ ಮೇಲೆ, ಒಂದು ಭಾನುವಾರ ಮನೆಯೊಡತಿ ಆಂಟಿ ತಾವೇ ಗೇಟು ತೆಗೆದು ಬಂದರು. ಪೊಲೀಸರನ್ನು ಕರೆಯುತ್ತಾರೇನೋ ಎಂದು ನಾನು ಓಡಲು ಸಿದ್ಧಳಾದೆ. ಅವರು ಹೇಳಿದ್ದಿಷ್ಟು: ಹುಡುಗರು ಈ ತಿಂಗಳ ಕೊನೆಗೆ ಖಾಲಿ ಮಾಡುತ್ತಾರೆ, ಮುಂದಿನ ಭಾನುವಾರದೊಳಗೆ ಅಡ್ವಾನ್ಸ್ ಕೊಟ್ಟರೆ ಮನೆ ನಿಮಗೇ, ಆಮೇಲೆ ಬಂದರೆ ನನ್ನ ಕೈಯಲ್ಲಿಲ್ಲ.

ಅತ್ತೆ ಸೋಮವಾರವೇ ಸಾಹುಕಾರರಿಗೆ ನೋಟಿಸು ಕೊಟ್ಟರು. ಅಚ್ಚು ಹಾಕಿಯೇ ಕೊಟ್ಟರು! ಜನ್ಮದಲ್ಲಿ ಮದುವೆ ಪತ್ರಿಕೆ, ವೈಕುಂಠ ಸಮಾರಾಧನೆ ಪತ್ರಿಕೆ ಬಿಟ್ಟು ಬೇರೇನೂ ಜೋಡಿಸದ ಕೈ. ನೋಟಿಸಿಗೆ ಬೇರೆ ಭಾಷೆ ಎಲ್ಲಿಂದ ಬರಬೇಕು? "ತಮ್ಮಲ್ಲಿ ಬಾಕಿಯಿರುವ ಹನ್ನೊಂದು ತಿಂಗಳ ಸಂಬಳವನ್ನು ಇದೇ ಶನಿವಾರ ಸಲ್ಲುವ ಶುಭ ಮುಹೂರ್ತದಲ್ಲಿ ನೆರವೇರಿಸಲು ಗುರುಹಿರಿಯರು ನಿಶ್ಚಯಿಸಿರುವುದರಿಂದ, ತಾವು ಸಕುಟುಂಬ ಪರಿವಾರ ಸಮೇತರಾಗಿ ಪಾವತಿ ಮಾಡಬೇಕಾಗಿ ಕೋರುವ" ಎಂದು ಶುರುವಾಗಿ, ಕೆಳಗೆ ಅತ್ತೆಯ ಹೆಸರು, ಸುತ್ತಲೂ ಬಳ್ಳಿಯ ಬಾರ್ಡರು. ಸಾಹುಕಾರರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಪೆನ್ನು ತೆಗೆದು ಎರಡು ಕಡೆ ತಿದ್ದಿದರು.

"ಬಾರ್ಡರ್ ಒಂಚೂರು ದಪ್ಪ ಆಯ್ತಮ್ಮ. ಎಷ್ಟ್ ಕಾಪಿ?"

ಮಂಗಳವಾರ ಅತ್ತೆ ದೇವರನ್ನು ಎತ್ತಿಟ್ಟುಕೊಂಡರು. ಅಂದರೆ, ಪ್ರೆಸ್ಸಿನಲ್ಲಿದ್ದ "ಶ್ರೀ" ಎಂಬ ಮೊಳೆಗಳನ್ನಷ್ಟೂ, ದೊಡ್ಡದು ಚಿಕ್ಕದು ಒಂದೂ ಬಿಡದೆ, ಕ್ಯಾರಿಯರಿನ ಮೂರು ಡಬ್ಬಿಗಳಲ್ಲಿ ತುಂಬಿ ಮನೆಗೆ ತಂದರು. ಉಪಾಯ ನೋಡಿ! ಬೇರೆ ಯಾವ ಮೊಳೆ ಹೋದರೂ ಸಾಹುಕಾರರು ಹೇಗೋ ಸಂಭಾಳಿಸಿಕೊಳ್ಳುತ್ತಿದ್ದರು. ಶ್ರೀ ಇಲ್ಲದೆ ಮದುವೆ ಪತ್ರಿಕೆ ಹೇಗೆ ಮಾಡುತ್ತೀರಿ? ಮೇಲೆ ಮನೆದೇವರೂ ಬರುವಂತಿಲ್ಲ, ಕೆಳಗೆ ಬೀಗರೂ ಬರುವಂತಿಲ್ಲ.

ಒಂದನ್ನು ಮಾತ್ರ ಅತ್ತೆ ಯೋಚಿಸಿರಲಿಲ್ಲ. ಸಂಜೆ ಕ್ಯಾರಿಯರ್ ತೊಳೆಯಲು ತೆಗೆದ ಅಮ್ಮ ಕಿರುಚಿದರು. ಊಟದ ಡಬ್ಬಿಯಲ್ಲಿ ಲಕ್ಷ್ಮಿ! ಅದೂ ನೂರಾರು! ಎಂಜಲು ಪಾತ್ರೆಯಲ್ಲಿ ಇಡುವಂತಿಲ್ಲ, ನೆಲದ ಮೇಲೆ ಸುರಿಯುವಂತಿಲ್ಲ. ಅಮ್ಮ ಅವನ್ನೆಲ್ಲ ಸೀಮೆಎಣ್ಣೆಯಲ್ಲಿ ಒರೆಸಿ, ಹಿತ್ತಾಳೆ ತಟ್ಟೆಗೆ ಹಾಕಿ, ದೇವರ ಗೂಡಿನಲ್ಲಿಟ್ಟು ಕುಂಕುಮ ಏರಿಸಿಬಿಟ್ಟರು.

ಬುಧವಾರ ಸಾಹುಕಾರರು ಏದುಸಿರು ಬಿಡುತ್ತಾ ಬಂದರು. ಜಗಳಕ್ಕೇ ಬಂದಿದ್ದರು, ಮುಖವೇ ಹೇಳುತ್ತಿತ್ತು. ಅತ್ತೆ ಮಾತಾಡದೆ ದೇವರ ಗೂಡು ತೋರಿಸಿದರು. ಊದುಬತ್ತಿ ಹೊಗೆಯ ನಡುವೆ ತಮ್ಮ ಮೊಳೆಗಳು ಮಲ್ಲಿಗೆ ಮುಡಿದು ಕೂತದ್ದನ್ನು ನೋಡಿ ಅವರು ಚಪ್ಪಲಿ ಕಳಚಿದರು. ಕೈ ಮುಗಿದರು. ಕೈ ಮುಗಿದ ಮೇಲೆ ಜಗಳ ಹೇಗೆ ಆಡುವುದು?

"ಅಮ್ಮ, ಮಹಾಲಕ್ಷ್ಮಿ ಲೇಔಟಿನವ್ರ ಮಗಳ ಮದುವೆ. ನಾಳೆ ಪತ್ರಿಕೆ ಕೊಡ್ಬೇಕು. ಬೆಳಗಿಂದ ಮೊಳೆ ಜೋಡಿಸ್ತಿದೀನಿ, ಒಬ್ಬ ದೇವ್ರೂ ನಿಲ್ತಿಲ್ಲ."

"ನಂದು?"

ಸಾಹುಕಾರರು ಜೇಬಿನ ಬಳಿಯ ಮಸಿಯ ಕಲೆಯನ್ನು ಬೆರಳಿನಿಂದ ಉಜ್ಜಿದರು. "ಶನಿವಾರ ಬನ್ನಿ. ಪೂರ್ತಿ ಕೊಡ್ತೀನಿ" ಎಂದರು. ಎಲ್ಲಿಂದ ಎಂದು ಅತ್ತೆಯೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಅಮ್ಮ ಮೊಳೆಗಳ ಮೇಲಿನ ಕುಂಕುಮ ಒರೆಸಿ, ವೀಳ್ಯದೆಲೆ ಸಮೇತ ಕಳಿಸಿಕೊಟ್ಟರು.

ಶನಿವಾರ ಮಧ್ಯಾಹ್ನ ನಾನೂ ಅತ್ತೆಯ ಜೊತೆ ಹೋದೆ. "ನೀನು ಓದಿದೋಳು, ಪಕ್ಕದಲ್ಲಿದ್ರೆ ಧೈರ್ಯ" ಎಂದಿದ್ದರು. ಬೇಕಾದರೆ ಇಂಗ್ಲಿಷಿನಲ್ಲಿ ಗದರಿಸೋಣ ಎಂದು ನಾನು ಫೈಲಿನಲ್ಲಿ ಒಂದು ಪತ್ರವನ್ನೂ ಬರೆದು ಇಟ್ಟುಕೊಂಡಿದ್ದೆ.

ಗಲ್ಲಿ ತಿರುಗಿದರೆ ಪ್ರೆಸ್ಸಿನ ಮುಂದೆ ಒಂದು ಟೆಂಪೊ. ಮೂರು ಮೆಟ್ಟಿಲಿನ ಮೇಲೆ ಇಳಿಜಾರಾಗಿ ಎರಡು ಹಲಗೆ. ಹಲಗೆಯ ಮೇಲೆ ಟ್ರೆಡಲ್ ಮಷೀನು. ನಾಲ್ಕು ಜನ ಹಗ್ಗ ಹಿಡಿದು ಇಂಚಿಂಚಾಗಿ ಇಳಿಸುತ್ತಿದ್ದರು. ತುಮಕೂರಿನ ಕಡೆಯ ಯಾರೋ ಪ್ರೆಸ್ಸಿನವರು ಚಾಲೂ ಮಷೀನೆಂದು ಒಳ್ಳೆಯ ಬೆಲೆಗೆ ಕೊಂಡಿದ್ದರು. ಹನ್ನೊಂದು ತಿಂಗಳ ಸಂಬಳ ಬರುತ್ತಿದ್ದುದು ಅಲ್ಲಿಂದ.

ಅತ್ತೆ ಅಲ್ಲೇ ನಿಂತುಬಿಟ್ಟರು. ಇಪ್ಪತ್ತೆರಡು ವರ್ಷ ಅದರ ಸದ್ದಿನಲ್ಲಿ ಬದುಕಿದವರು. ಸುಮ್ಮನೆ ನೋಡಿದರು. ಸಾಹುಕಾರರು ಬಾಗಿಲಲ್ಲಿ ನಿಂತಿದ್ದರು. ಅತ್ತೆಯ ಕಣ್ಣು ಇದ್ದಕ್ಕಿದ್ದಂತೆ ಮಷೀನಿನ ಎದೆಯ ಕಡೆ ಹೋಯಿತು.

"ನಿಲ್ಸಿ! ನಿಲ್ಸೀ ಅಂದ್ರೆ! ಫಾರಂ ಹಾಗೇ ಇದೆ! ಮೊಳೆ ಬಿಚ್ದೆ ಮಷೀನ್ ಕಳಿಸ್ತಾರಾ ಯಾರಾದ್ರೂ?"

ಅಚ್ಚು ಮುಗಿದ ಮೇಲೆ ಫಾರಂ, ಅಂದರೆ ಮೊಳೆ ಜೋಡಿಸಿದ ಚೌಕಟ್ಟನ್ನು ಹೊರತೆಗೆದು, ಪ್ರತಿ ಮೊಳೆಯನ್ನೂ ಅದರದರ ಗೂಡಿಗೆ ಹಾಕುವುದು ಕಂಪೋಸಿಟರ್ ಕೆಲಸ. ಅದು ಮುಗಿಯದೆ ಅತ್ತೆ ಒಂದು ದಿನವೂ ಮನೆಗೆ ಬಂದವರಲ್ಲ; ಈ ಸಲ ಜೋಡಿಸಿದ್ದು ಸಾಹುಕಾರರು. ಆಳುಗಳು ಮಷೀನಿನ ಕೆಳಗೆ ಒಂದು ಕಲ್ಲು ಕೊಟ್ಟು ತಡೆದು ನಿಂತರು. ಅತ್ತೆ ಇಳಿಜಾರಿನ ಮುಂದೆ ಹೋಗಿ, ತಲೆ ಬಗ್ಗಿಸಿ, ಎರಡೂ ಕೈ ಒಳಗೆ ಹಾಕಿ ಚೌಕಟ್ಟು ಸಡಿಲಿಸತೊಡಗಿದರು.

ಹಲಗೆ ಬಿರಿಯುವುದನ್ನು ನಾನು ನೋಡಿದೆ. ಮೊದಲು ಒಂದು ಬಿಳಿ ಗೆರೆ. ಆ ಗೆರೆ ಉದ್ದವಾಯಿತು. ನನಗೆ ಅಷ್ಟೂ ಸಮಯವಿತ್ತು. ಬಾಯಿ ತೆರೆದೆ, ದನಿ ಬರಲಿಲ್ಲ. ಫೈಲನ್ನು ಎದೆಗೆ ಅವುಚಿಕೊಂಡು ನಿಂತಿದ್ದೆ. ಕಡ್ಡಿಯಂತಹ ಸಾಹುಕಾರರು ಬಾಗಿಲಿಂದ ಹಾರಿ, ಅತ್ತೆಯ ಸೆರಗು ಸಿಕ್ಕಿದಷ್ಟು ಹಿಡಿದು ಎಳೆದರು. ಹಲಗೆಯ ಅಂಚು ಅತ್ತೆಯ ಹಣೆಗೆ ತಾಗಿ, ಇಬ್ಬರೂ ಪಕ್ಕದ ರದ್ದಿ ಕಾಗದದ ರಾಶಿಗೆ ಬಿದ್ದರು. ಅತ್ತೆಯ ತಲೆಯಿದ್ದ ಜಾಗಕ್ಕೆ ಮಷೀನು ಬಿತ್ತು. ನೆಲ ನಡುಗಿದ್ದು ಇವತ್ತಿಗೂ ನನ್ನ ಅಂಗಾಲಿನಲ್ಲಿದೆ. ಎಲ್ಲೋ ಮನೆ ಕಟ್ಟುವವರು ಜಲ್ಲಿ ಸುರಿದರೆ ಸಾಕು, ಆ ಬಿಳಿ ಗೆರೆ ಮತ್ತೆ ಶುರುವಾಗುತ್ತದೆ. ಕೆಲವು ಸಲ ನಾನು ಕೂಗುತ್ತೇನೆ. ಕೆಲವು ಸಲ ಸೆರಗು ಸಾಹುಕಾರರ ಕೈಗೆ ಸಿಗುವುದೇ ಇಲ್ಲ.

ಧೂಳು ಇಳಿದ ಮೇಲೆ ರದ್ದಿಯ ಒಳಗಿಂದ ಅತ್ತೆಯ ದನಿ ಬಂತು.

"ತುಳೀಬೇಡ್ರೋ! ಮೊಳೆ ಚೆಲ್ಲಿದೆ!"

ಸಾಹುಕಾರರ ಮುಷ್ಟಿಯಲ್ಲಿ ಅರ್ಧ ಗಜ ಸೆರಗು ಹರಿದು ಬಂದಿತ್ತು. ಉಸಿರು ಸಿಕ್ಕ ಮೇಲೆ ಅದನ್ನು ಅತ್ತೆಯ ಕಡೆ ಚಾಚಿದರು.

"ಸೀರೇದೂ ಬಾಕಿಗೆ ಸೇರಿಸ್ಕೊಳ್ಳಿ ಅಮ್ಮ."

ಎರಕದ ಕಬ್ಬಿಣ ಮೂರು ಹೋಳಾಗಿತ್ತು. ತುಮಕೂರಿನವರು ತಲೆಯಾಡಿಸಿ ಖಾಲಿ ಟೆಂಪೊ ತೆಗೆದುಕೊಂಡು ಹೋದರು. ಆಳುಗಳು, ಸಾಹುಕಾರರು, ಅತ್ತೆ, ನಾನು, ಎಲ್ಲರೂ ರಸ್ತೆಯಲ್ಲಿ ಕುಕ್ಕರಗಾಲಲ್ಲಿ ಕೂತು ಮೊಳೆ ಆರಿಸಿದೆವು. ಸಂಜೆ ಕಾಮಾಕ್ಷಿಪಾಳ್ಯದಿಂದ ಗುಜರಿಯವನು ಬಂದು ಮಷೀನನ್ನು ಕಬ್ಬಿಣದ ತೂಕಕ್ಕೆ ತೆಗೆದುಕೊಂಡ. ಬಂದದ್ದನ್ನು ಸಾಹುಕಾರರು ಎಣಿಸದೆ ಅತ್ತೆಯ ಕೈಗಿಟ್ಟರು. ಅತ್ತೆ ಎಣಿಸಿದರು. ಉಲ್ಲಾಳದ ಆರು ತಿಂಗಳ ಬಾಡಿಗೆಯಷ್ಟಿತ್ತು. ಒಂದು ಚೌಕಟ್ಟು ಬಿಚ್ಚಲು ಹೋಗಿ ಉಳಿದದ್ದನ್ನು ತಾವೇ ಕಳೆದಿದ್ದರು.

"ನನ್ನಿಂದ ಆಗಿದ್ದು ಇಷ್ಟೇ ಅಮ್ಮ" ಎಂದರು ಸಾಹುಕಾರರು.

"ಉಳಿದಿದ್ದು ಬಾಕಿ. ಬಿಟ್ಟಿಲ್ಲ ನಾನು. ಪ್ರಾಣ ಉಳಿಸಿದ್ರಿ ಅಂತ ಸಂಬಳ ಮುರ್ಕೊಂಡ್ರೆ ಎರಡಕ್ಕೂ ಬೆಲೆ ಇರಲ್ಲ. ತಿಂಗಳಿಗೆ ಇನ್ನೂರಾದ್ರೂ ತಂದ್ಕೊಡಿ."

"ತರ್ತೀನಿ" ಎಂದರು. ತಂದರು ಕೂಡ, ವರ್ಷಗಟ್ಟಲೆ, ಒಂದನೇ ತಾರೀಖು, ನಡೆದುಕೊಂಡೇ. ಅತ್ತೆ ಕಷಾಯ ಕೊಟ್ಟು ರಸೀದಿ ಬರೆಯುತ್ತಿದ್ದರು.

ಅವತ್ತು ಬಸ್ಸಿನಲ್ಲಿ ಅತ್ತೆ ನನ್ನ ಪಕ್ಕದಲ್ಲೇ ಕೂತರು. ಮಸಿ ಹತ್ತಿದ ಕೈಯಿಂದ ನನ್ನ ಕೈ ಹಿಡಿದು, "ನೀನ್ ಕೂಗಿದ್ದು ಕೇಳಿ ತಲೆ ಎತ್ತಿದೆ ಕಣೇ, ಇಲ್ದಿದ್ರೆ..." ಎಂದರು. ನಾನು ಕಿಟಕಿಯಾಚೆ ನೋಡಿದೆ. ಎಲ್ಲರಿಗೂ ಹಾಗೇ ಹೇಳಿಕೊಂಡು ತಿರುಗಿದರು. ನಾನು ಕೂಗಲಿಲ್ಲ ಎಂಬುದನ್ನು ಈಗ ಮೊದಲ ಸಲ ಹೇಳುತ್ತಿದ್ದೇನೆ.

ಭಾನುವಾರ ಉಲ್ಲಾಳದಲ್ಲಿ ಅತ್ತೆ ಹೊಂಗೆ ಮರದ ಕೆಳಗೇ ನಿಂತರು, ಗೇಟು ದಾಟಲಿಲ್ಲ. ಆಂಟಿಯೇ ಹೊರಗೆ ಬಂದರು. ಅತ್ತೆ ಕವರನ್ನು ಮುಂದೆ ಚಾಚಿ, ನಾಲ್ಕು ತಿಂಗಳದ್ದು ಕಮ್ಮಿ ಇದೆ ಎಂದರು. ಆಂಟಿ ಅತ್ತೆಯ ಹಣೆಯ ಗಾಯ ನೋಡಿದರು, ಕವರ್ ತೆಗೆದುಕೊಂಡರು.

"ಒಳಗ್ ಬಾಡಿಗೆಗಿದ್ದೋರು ಕೂಡ ಈ ಮನೇನ ನಿಮ್ಮಷ್ಟು ನೋಡಿಲ್ಲ ಕಣ್ರೀ. ಬನ್ನಿ, ಬೀಗದ ಕೈ ತಗೊಳ್ಳಿ. ಉಳಿದಿದ್ದು ನಿಧಾನಕ್ಕೆ ಕೊಡಿ."

ವಿಜಯನಗರದ ಒಂದು ಕಂಪ್ಯೂಟರ್ ಅಂಗಡಿಯವರು ಅತ್ತೆಯನ್ನು ಪ್ರೂಫ್ ನೋಡಲು ಇಟ್ಟುಕೊಂಡರು. ಸಾಮಾನು ಸಾಗಿಸಲು ಒಂದು ಆಟೋ ಸಾಕಾಯಿತು. ಅಪ್ಪ ಅಮ್ಮ ಬಂದು ಹಾಲುಕ್ಕಿಸಿ, ಉಂಡು, ಮೂರು ಗಂಟೆಯ ಹೊತ್ತಿಗೆ ಹೊರಟರು. ಅಪ್ಪ ಎರಡು ಸಲ ಹಿಂತಿರುಗಿ ನೋಡಿದರು. ಪಾತ್ರೆ ಜೋಡಿಸಿಕೊಡಲೆಂದು ನಾನು ಉಳಿದೆ. ಎಲ್ಲ ಮುಗಿದ ಮೇಲೆ ಅತ್ತೆ ಕೋಣೆಯ ನಡುವೆ ನಿಂತು ಬಾಗಿಲನ್ನೇ ನೋಡಿದರು.

"ಒಂದ್ ಕೆಲ್ಸ ಮಾಡೇ. ಹೊರಗ್ ಹೋಗು. ನಾನು ಚಿಲಕ ಹಾಕ್ಕೋತೀನಿ. ನೀನು ಬಾಗಿಲು ತಟ್ಟು."

"ಯಾಕತ್ತೆ?"

"ತಟ್ಟು ಅಂದ್ರೆ ತಟ್ಟೇ."

ಹೊರಗೆ ಹೋದೆ. ಒಳಗಿಂದ ಚಿಲಕ ಬಿದ್ದ ಸದ್ದು ಕೇಳಿತು. ನಗು ತಡೆದುಕೊಂಡು ತಟ್ಟಿದೆ.

"ಯಾರು?"

"ನಾನು."

"ನಾನು ಅಂದ್ರೆ ಯಾರು?"

"ನಿಮ್ಮ ತಮ್ಮನ ಮಗಳು."

"ಯಾರ್ ಬೇಕಿತ್ತು?"

ಏನೋ ತಮಾಷೆ ಹೇಳಬೇಕೆಂದು ಬಾಯಿ ತೆರೆದೆ. ಆಗ ನೆನಪಾಯಿತು. ನಮ್ಮ ಮನೆಗೆ ಅಷ್ಟು ವರ್ಷ ಅಷ್ಟು ಜನ ಬಂದಿದ್ದರು. ಅಪ್ಪ ಇದ್ದಾರಾ, ಅಮ್ಮ ಇದ್ದಾರಾ ಎಂದು ಕೇಳಿದ್ದರು.

"ನೀವೇ" ಎಂದೆ. "ನಿಮ್ಮನ್ನೇ ನೋಡೋಕೆ ಬಂದೆ ಅತ್ತೆ."

  ಒಳಗೆ ಮೂಗು ಒರೆಸಿಕೊಂಡದ್ದು ಕೇಳಿಸಿತು. ನಲ್ಲಿ ಬಿಟ್ಟು ಮುಖ ತೊಳೆದದ್ದು ಕೇಳಿಸಿತು. ಚಿಲಕ ಜಾರಿತು, ಬಾಗಿಲು ತೆರೆಯಿತು. ಅತ್ತೆ ಎರಡೂ ಹೆಗಲಿಗೆ ಸೆರಗು ಹೊದ್ದು, ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತಿದ್ದರು.

"ಬನ್ನಿ" ಎಂದರು ನನಗೆ. "ಬನ್ನಿ, ಒಳಗ್ ಬನ್ನಿ. ಸಂಕೋಚ ಪಟ್ಕೋಬೇಡಿ."